ನಾವಿಲ್ಲದ ಹೊತ್ತಿನ ಕಾಡು: ಕ್ಯಾಮೆರಾ ಟ್ರ್ಯಾಪ್ ಕಟ್ಟುವವರಿಗೆ ಕೆಲವು ಮಾತು

ಮಲೆನಾಡಿನ ನಮ್ಮ ಅಡಿಕೆ ತೋಟದ ಮೇಲಂಚಿನಲ್ಲಿ, ಅಗಳನ್ನು ದಾಟಿದರೆ ಸೊಪ್ಪಿನಬೆಟ್ಟ ಮೊದಲಾಗುವ ಎಡೆಯಲ್ಲಿ, ಬಹುಕಾಲದ ಒಂದು ಬೈನೆಮರವಿದೆ. ಅದರ ಗೊನೆ ಹಣ್ಣಾದ ದಿನಗಳಲ್ಲಿ, ಮುಟ್ಟಿದ ಮನುಷ್ಯನ ಕೈಗೆ ತುರಿಕೆ ಹತ್ತಿಸತಕ್ಕ ಆ ಕೆಂಪು ಹಣ್ಣುಗಳು ಸಂಜೆಯ ಹೊತ್ತಿಗೆ ಬುಡದ ಸುತ್ತಲೂ ಚೆಲ್ಲಿದ್ದು ಬೆಳಗಾಗುವುದರೊಳಗೆ ಬಹುಮಟ್ಟಿಗೆ ಇಲ್ಲವಾಗುತ್ತಿದ್ದುದನ್ನೂ, ಕಾಲಾಂತರದಲ್ಲಿ ಮರದಿಂದ ಎಷ್ಟೋ ದೂರದ ದರೆಯ ಮಗ್ಗುಲಲ್ಲಿ ಯಾರೂ ನೆಡದ ಬೈನೆಯ ಸಸಿಗಳು ತಲೆಯೆತ್ತುತ್ತಿದ್ದುದನ್ನೂ ನಾನು ಬಾಲ್ಯದಿಂದಲೂ ನೋಡುತ್ತ ಬಂದಿದ್ದೆ. ತಿನ್ನುವವರಾರು, ಬೀಜವನ್ನು ಹೊತ್ತೊಯ್ಯುವವರಾರು ಎಂದು ಕೇಳಿದರೆ ಮನೆಯ ಹಿರಿಯರು ಕಬ್ಬೆಕ್ಕೆಂದೂ, ತೋಟದ ಕೆಲಸಕ್ಕೆ ಬರುವವರು ಮುಳ್ಳುಹಂದಿಯೆಂದೂ ಹೇಳುತ್ತಿದ್ದರಲ್ಲದೆ ಕಣ್ಣಾರೆ ಕಂಡೆನೆಂದವರು ಒಬ್ಬರೂ ಇರಲಿಲ್ಲ. ಕಂಬಳಿ ಹೊದ್ದು ನಾನೇ ಎರಡು ರಾತ್ರಿ ಅಗಳಿನ ಈಚೆ ಕಾದು ಕುಳಿತದ್ದುಂಟು. ಆ ಎರಡು ರಾತ್ರಿಯೂ ಹಣ್ಣುಗಳು ಬಿದ್ದಲ್ಲೇ ಬಿದ್ದಿದ್ದುವು.

ಅನೇಕ ವರುಷಗಳ ಮೇಲೆ ಆ ಮರದೆದುರಿಗೆ ಅಂಗೈಯಗಲದ ಒಂದು ಯಂತ್ರವನ್ನು ಕಟ್ಟಿ ಆರು ರಾತ್ರಿ ಬಿಟ್ಟಾಗ, ಮನೆಯ ಹಿರಿಯರ ಮಾತೂ ಕೆಲಸಗಾರರ ಮಾತೂ ನಿಜವೆಂಬುದು ಗೊತ್ತಾಯಿತು. ಕತ್ತಲಾದ ಅರ್ಧ ತಾಸಿಗೆ ಕಬ್ಬೆಕ್ಕು ಬಂದು ಹಣ್ಣನ್ನು ಆರಿಸಿಕೊಂಡು ಹೋಗುತ್ತಿತ್ತು. ನಡುರಾತ್ರಿ ಮೀರಿದ ಮೇಲೆ ಮುಳ್ಳುಹಂದಿಗಳೆರಡು ಬರುತ್ತಿದ್ದುವು. ಮತ್ತು ನಮ್ಮಲ್ಲಿ ಯಾರೂ ಹೆಸರಿಸದಿದ್ದ ಮೂರನೆಯದೊಂದು ಜೀವ, ಮೊಲಕ್ಕಿಂತ ತುಸು ದೊಡ್ಡದಾದ, ಮೈಮೇಲೆ ಬಿಳಿಯ ಚುಕ್ಕೆಗೀರುಗಳುಳ್ಳ ಬರ್ಕ, ನಾಲ್ಕನೆಯ ರಾತ್ರಿ ಒಂದು ಕಾಲನ್ನು ಎತ್ತಿ ನಿಂತು ನೆಲವನ್ನು ಮೂಸುತ್ತಿತ್ತು. ನಾನು ಕುಳಿತಲ್ಲಿ ಕಾಣದೆ ಹೋದದ್ದು ನಾನಿಲ್ಲದಾಗ ಕಂಡಿತು. ಕ್ಯಾಮೆರಾ ಟ್ರ್ಯಾಪ್ ಎಂಬ ಈ ಉಪಕರಣದ ಗುಣವೆಲ್ಲ ಇಷ್ಟರಲ್ಲೇ ಅಡಗಿದೆ; ಅದನ್ನು ಕೊಳ್ಳುವ, ಕಟ್ಟುವ, ಕಾಯುವ ಸಕಲ ನಿಯಮಗಳೂ ಮನುಷ್ಯನ ಇರವನ್ನು ಕಾಡಿನಿಂದ ಆದಷ್ಟು ಹಿಂತೆಗೆಯಬೇಕೆಂಬ ಈ ಒಂದು ತತ್ತ್ವದಿಂದಲೇ ಹುಟ್ಟತಕ್ಕವು. ಸ್ವಂತ ಜಮೀನಿನ ಅಂಚಿನಲ್ಲಿ ವನ್ಯಜೀವಿಗಳನ್ನು ತಿಳಿಯಬಯಸುವವರ ಉಪಯೋಗಕ್ಕೆಂದು ಅವನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಉಪಕರಣದ ಪೂರ್ವಕಥೆ

ಪ್ರಾಣಿಯೇ ತನ್ನ ಚಿತ್ರವನ್ನು ತೆಗೆಸಿಕೊಳ್ಳುವಂತೆ ಮಾಡುವ ಯೋಚನೆ ಹೊಸತಲ್ಲ. ಅಮೆರಿಕದ ಜಾರ್ಜ್ ಶೈರಾಸ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕಾಡಿನ ಜಾಡಿಗೆ ತಂತಿಯನ್ನು ಅಡ್ಡಕಟ್ಟಿ, ಅದನ್ನು ಎಡವಿದ ಜಿಂಕೆಯ ಚಿತ್ರವನ್ನು ಬೆಳಕಿನ ಪುಡಿಯ ಸಿಡಿತದಲ್ಲಿ ಹಿಡಿದಿದ್ದರು; ಅವರ 74 ಚಿತ್ರಗಳು 1906ರ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. ನಮ್ಮ ದೇಶದ ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ನರು, ಬಂದೂಕೇ ಅರಣ್ಯದ ಭಾಷೆಯಾಗಿದ್ದ ಆ ಕಾಲದಲ್ಲಿ, ಇದೇ ತಂತಿಯ ವಿಧಾನದಿಂದ ಸ್ವಚ್ಛಂದವಾಗಿ ನಡೆದಾಡುವ ಹುಲಿಗಳ ಚಿತ್ರಗಳನ್ನು ತೆಗೆದು 1927ರಲ್ಲಿ ಒಂದು ಗ್ರಂಥವಾಗಿಯೇ ಪ್ರಕಟಿಸಿದರು.

ಆದರೆ ಈ ಚಿತ್ರಗಳು ಗಣಿತಕ್ಕೆ ಒದಗುವಂತಾದದ್ದು ಕರ್ನಾಟಕದ ನೆಲದಲ್ಲಿ. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ರೀಲು ಹಾಕಿದ ಕ್ಯಾಮೆರಾಗಳನ್ನಿರಿಸಿ, ಮನುಷ್ಯರ ಬೆರಳಚ್ಚಿನಂತೆ ಒಂದರದು ಇನ್ನೊಂದರದನ್ನು ಹೋಲದ ಪಟ್ಟೆಗಳಿಂದ ಪ್ರತಿಯೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಒಮ್ಮೆ ಚಿತ್ರಕ್ಕೆ ಸಿಕ್ಕವು ಮತ್ತೆ ಎಷ್ಟು ಸಲ ಸಿಕ್ಕುತ್ತವೆಂಬ ಪ್ರಮಾಣದಿಂದ ಸಿಕ್ಕದೆ ಉಳಿದವುಗಳ ಸಂಖ್ಯೆಯನ್ನೂ ಅಂದಾಜು ಮಾಡುವ ಕ್ರಮವನ್ನು 1995ರಲ್ಲಿ ಲೋಕದ ಮುಂದಿಟ್ಟರು. ಹೆಜ್ಜೆಗುರುತಿನ ಲೆಕ್ಕವನ್ನೇ ನಂಬಿದ್ದ ರಾಜಸ್ಥಾನದ ಸಾರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು 2005ರ ಸುಮಾರಿಗೆ ಬಯಲಾದ ಮೇಲೆ, ದೇಶದ ಹುಲಿ ಗಣತಿಗೂ ಕ್ಯಾಮೆರಾವೇ ಆಧಾರವಾಯಿತು. 2018ರ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿರಿಸಿ ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಮಿಕ್ಕ ಚಿತ್ರಗಳನ್ನು ಸಂಗ್ರಹಿಸಲಾಯಿತು. ಅಷ್ಟರಲ್ಲಿ ಹುಲಿಯ ಚಿತ್ರಗಳು 76,651 ಮಾತ್ರ. ಮುಂದಿನ 2022ರ ಗಣತಿಯಲ್ಲಿ ಕರ್ನಾಟಕದ ಪಾಲಿಗೆ ಬಂದ 563 ಹುಲಿಗಳೆಂಬ ಅಂಕಿಯೂ ಈ ದಾರಿಯಿಂದಲೇ ಬಂದದ್ದು.

ಅದು ಕಾಣುವ ಬಗೆ

ಯಂತ್ರದ ಕಣ್ಣು ನಮ್ಮ ಕಣ್ಣಿನಂತಲ್ಲವೆಂಬುದನ್ನು ಮೊದಲು ಗ್ರಹಿಸಿದರೆ ಮುಂದಿನ ಎಷ್ಟೋ ತೊಡಕುಗಳು ತಾವಾಗಿ ಬಿಡುತ್ತವೆ. ಅದರ ಮುಂಭಾಗದಲ್ಲಿ ಮಸೂರವಲ್ಲದೆ ಮಬ್ಬು ಪ್ಲಾಸ್ಟಿಕ್ಕಿನ ಒಂದು ಕಿಟಕಿ ಇರುತ್ತದೆ. ಅದರ ಹಿಂದಿರುವ ಸೆನ್ಸರ್ ಬೆಳಕನ್ನಲ್ಲ, ಶಾಖವನ್ನು ಗ್ರಹಿಸುತ್ತದೆ. ಸುತ್ತಲಿನ ನೆಲಕ್ಕಿಂತ ಬೆಚ್ಚಗಿರುವ ದೇಹವೊಂದು ಆ ಕಿಟಕಿಯ ಒಂದು ಅಂಕಣದಿಂದ ಮತ್ತೊಂದಕ್ಕೆ ಸರಿದಾಗ ಉಂಟಾಗುವ ವ್ಯತ್ಯಾಸವೇ ಕ್ಯಾಮೆರಾವನ್ನು ಎಬ್ಬಿಸತಕ್ಕದ್ದು. ಆದುದರಿಂದ ಎದುರಿನಿಂದ ನೇರವಾಗಿ ನಡೆದುಬರುವ ಪ್ರಾಣಿಗಿಂತ ಅಡ್ಡಲಾಗಿ ಹಾಯುವ ಪ್ರಾಣಿ ಬೇಗನೆ ಸಿಕ್ಕುತ್ತದೆ. ಮೈ ತಣ್ಣಗಿರುವ ಹಾವು ಕಪ್ಪೆಗಳು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ನೆಲವೂ ಪ್ರಾಣಿಯ ಮೈಯೂ ಒಂದೇ ಕಾವಿಗೆ ಬಂದಾಗ ಕಾಟಿಯಂಥ ಭಾರಿ ಪ್ರಾಣಿಯೇ ಎದುರು ಹಾದರೂ ಯಂತ್ರ ಮಲಗಿಯೇ ಇರಬಹುದು. ಮತ್ತು ಬಿಸಿಲಿಗೆ ಕಾದ ಎಲೆಯೊಂದು ಗಾಳಿಗೆ ಆಡಿದರೆ ಪ್ರಾಣಿಯೇ ಬಂದಿತೆಂದು ಭ್ರಮಿಸಿ ನೂರಾರು ಖಾಲಿ ಚಿತ್ರಗಳನ್ನು ತೆಗೆಯಲೂಬಹುದು.

ರಾತ್ರಿಯಲ್ಲಿ ಅದು ಅವಗೆಂಪು ಬೆಳಕನ್ನು ಬೀರಿ ಕಪ್ಪುಬಿಳುಪಿನ ಚಿತ್ರ ತೆಗೆಯುತ್ತದೆ. ಈ ಬೆಳಕಿನಲ್ಲಿ ಎರಡು ಬಗೆ ರೂಢಿಯಲ್ಲಿವೆ. 850 ನ್ಯಾನೊಮೀಟರಿನದು ದೂರಕ್ಕೆ ಹರಿಯುತ್ತದೆಯಾದರೂ ಬೆಳಗುವಾಗ ಮಂದವಾದ ಕೆಂಪು ಕಿಡಿಗಳಾಗಿ ಕಾಣುತ್ತದೆ. 940 ನ್ಯಾನೊಮೀಟರಿನದು ಮನುಷ್ಯನ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಅದರ ಹರವು ಕಿರಿದು. ತೋಟದ ಅಂಚಿನ ಕಿರುದಾರಿಗೆ ಎರಡನೆಯದೇ ಸಾಕು, ಕಳ್ಳರ ಕಣ್ಣಿಗೂ ಬೀಳದು.

ಕೊಳ್ಳುವ ಮುನ್ನ

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ಲಿನ ಸಂಖ್ಯೆಯನ್ನು. ಅಗ್ಗದ ಯಂತ್ರಗಳಲ್ಲಿ ಈ ಸಂಖ್ಯೆ ಬಹುವೇಳೆ ಇರುವ ಬಿಂದುಗಳ ನಡುವೆ ಕಲ್ಪಿತ ಬಿಂದುಗಳನ್ನು ತುಂಬಿ ಉಬ್ಬಿಸಿದ್ದಾದುದರಿಂದ ಅದಕ್ಕೆ ಮರುಳಾಗಬಾರದು. ಕೇಳಿ ತಿಳಿಯಬೇಕಾದದ್ದು ಬೇರೆ: ಶಾಖವನ್ನು ಗ್ರಹಿಸಿದ ಎಷ್ಟು ಹೊತ್ತಿಗೆ ಮೊದಲ ಚಿತ್ರ ಬೀಳುತ್ತದೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಬಿಡುವು ಬೇಕಾಗುತ್ತದೆ, ಪೆಟ್ಟಿಗೆ ನೀರಿಗೆ ಎಷ್ಟು ಭದ್ರ, ರಾತ್ರಿಯ ಚಿತ್ರ ಎಷ್ಟು ಸ್ಫುಟ. ಕಾಲ್ದಾರಿಯಲ್ಲಿ ನಡೆದುಹೋಗುವ ಪ್ರಾಣಿಯನ್ನು ಹಿಡಿಯಬೇಕಾದರೆ ಅರ್ಧ ಸೆಕೆಂಡಿನೊಳಗೆ ಎಚ್ಚರಗೊಳ್ಳುವ ಯಂತ್ರ ಬೇಕು. ನಿಧಾನದ್ದಾದರೆ ಬಾಲದ ತುದಿ ಮಾತ್ರ ದೊರಕೀತು. ಹಣ್ಣಿನ ಮರದ ಕೆಳಗೆ ಬಂದು ನಿಲ್ಲುವ ಪ್ರಾಣಿಗಾದರೋ ಈ ತ್ವರೆ ಅಷ್ಟು ಮುಖ್ಯವಲ್ಲ. ಸಿಮ್ ಹಾಕಿ ಚಿತ್ರವನ್ನು ಮೊಬೈಲಿಗೆ ಕಳುಹಿಸುವ ಬಗೆಯವೂ ದೊರೆಯುತ್ತವೆ. ನೆಟ್‌ವರ್ಕ್ ಹಿಡಿಯದ ಕಣಿವೆಗಳಲ್ಲಿ ಅವು ಬ್ಯಾಟರಿಯನ್ನು ಬೇಗ ತಿನ್ನುವುದೊಂದೇ ಫಲ.

ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಸಾಮಾನ್ಯ ಆಲ್ಕಲೈನ್ ಸೆಲ್ಲುಗಳ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತ ಹೋಗುವುದರಿಂದ ಹಗಲಿನ ಚಿತ್ರ ಸರಿಯಾಗಿದ್ದರೂ ರಾತ್ರಿಯ ಬೆಳಕು ಮಂಕಾಗುತ್ತದೆ. ಲಿಥಿಯಮ್ ಸೆಲ್ಲುಗಳು ಬೆಲೆಯಲ್ಲಿ ಹೆಚ್ಚಾದರೂ ಕೊನೆಯವರೆಗೂ ಒಂದೇ ಸಮನೆ ದುಡಿಯುತ್ತವೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳು 1.5 ವೋಲ್ಟಿನವಾಗಿರದೆ 1.2 ವೋಲ್ಟಿನವಾದ್ದರಿಂದ, ನಿಮ್ಮ ಯಂತ್ರ ಅವನ್ನು ಒಪ್ಪುವುದೋ ಇಲ್ಲವೋ ಕೇಳಿಕೊಂಡೇ ಹಾಕಬೇಕು. ಹಳೆಯದನ್ನೂ ಹೊಸದನ್ನೂ ಎಂದಿಗೂ ಬೆರೆಸಬಾರದು. 32 ಜಿಬಿಯ ಒಳ್ಳೆಯ ಮೆಮೊರಿ ಕಾರ್ಡುಗಳು ಎರಡಿದ್ದರೆ, ಒಂದು ಕಾಡಿನಲ್ಲಿರುವಾಗ ಇನ್ನೊಂದು ಮನೆಯಲ್ಲಿರುತ್ತದೆ; ಹೋದಾಗ ಬದಲಾಯಿಸಿ ಬರುವುದಷ್ಟೇ ಕೆಲಸವಾಗುತ್ತದೆ.

ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು

ತನ್ನ ಸ್ವಂತ ಜಮೀನಿನಲ್ಲಿ ಕಟ್ಟುವುದು ಒಂದು. ಸರಕಾರದ ಕಾಡಿನಲ್ಲಿ ಕಟ್ಟುವುದು ಮತ್ತೊಂದು. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಇಂಥ ಕೆಲಸಕ್ಕೆ ಕಾಲಿಡುವುದೇ ಅಪರಾಧ. ಮೀಸಲು ಅರಣ್ಯಕ್ಕೂ ಇಲಾಖೆಯ ಒಪ್ಪಿಗೆ ಬೇಕು. ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕಾದದ್ದೆಂದರೆ, ತಲೆತಲಾಂತರದಿಂದ ತಿರುಗಾಡಿದ ಸೊಪ್ಪಿನಬೆಟ್ಟದಲ್ಲಿಯೂ ನಮಗಿರತಕ್ಕದ್ದು ಸೊಪ್ಪು ದರಗು ತರುವ ಸವಲತ್ತೇ ಹೊರತು ನೆಲದ ಒಡೆತನವಲ್ಲವೆಂಬುದು. ಆದುದರಿಂದ ಬೇಲಿಯ ಈಚೆ ಕಟ್ಟುವುದೇ ಕ್ಷೇಮ. ಆಚೆ ಕಟ್ಟಬೇಕೆಂದಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಬರಹದಲ್ಲಿ ಕೇಳಿಕೊಳ್ಳುವುದು ಯೋಗ್ಯ. ಈಚೆಯಲ್ಲೇ ನೋಡಬೇಕಾದದ್ದು ಸಾಕಷ್ಟಿದೆಯೆಂದು ನನ್ನ ಅನುಭವ.

ನೆಲವನ್ನು ಓದುವುದು

ಕ್ಯಾಮೆರಾ ಕೈಗೆ ಬಂದ ದಿನವೇ ಕಟ್ಟಲು ಹೊರಡುವುದು ಒಳ್ಳೆಯದಲ್ಲ. ಒಂದು ವಾರ ಬರಿಗೈಯಲ್ಲಿ ತಿರುಗಬೇಕು. ಪ್ರಾಣಿಗಳೂ ನಮ್ಮಂತೆಯೇ ಸುಲಭವಾದ ದಾರಿಯನ್ನು ಬಯಸುವುವು. ಅಗಳಿನ ಏರಿ, ಹಳ್ಳದ ಅಂಚು, ದರೆ ಕುಸಿದು ಇಳಿಜಾರಾದ ಕಂಡಿ, ಎರಡು ಬೇಲಿಗಳ ನಡುವಣ ಓಣಿ, ಹಳೆಯ ಗಾಡಿದಾರಿ ಇವೇ ಅವುಗಳ ರಾಜಮಾರ್ಗಗಳು. ಮಳೆ ನಿಂತ ಮರುದಿನದ ಹಸಿಮಣ್ಣಿನಲ್ಲಿ ಹೆಜ್ಜೆಗಳನ್ನು ನೋಡಬೇಕು: ಉಗುರಿನ ಗುರುತಿದ್ದರೆ ನಾಯಿಯ ಜಾತಿ, ಇಲ್ಲದಿದ್ದರೆ ಬೆಕ್ಕಿನ ಜಾತಿ ಎಂಬುದು ಮೊದಲ ಪಾಠ. ದಾರಿಯ ನಡುವೆ ಕೂದಲು ತುಂಬಿದ ಹಿಕ್ಕೆ ಬಿದ್ದಿದ್ದರೆ ಚಿರತೆ ತನ್ನ ಮೇರೆಯನ್ನು ಸಾರಿ ಹೋಗಿದೆಯೆಂದು ಊಹಿಸಬಹುದು. ಬಂಡೆಯ ಮೇಲೆ ಬೈನೆ, ಕಾಫಿಗಳ ಬೀಜ ಕೂಡಿದ ಹಿಕ್ಕೆಯಿದ್ದರೆ ಕಬ್ಬೆಕ್ಕಿನದು. ಹಳ್ಳದ ಕಲ್ಲಿನ ಮೇಲೆ ಏಡಿಯ ಚಿಪ್ಪಿನ ಚೂರುಗಳು ಬೆರೆತಿದ್ದರೆ ನೀರುನಾಯಿಯ ಸಂಸಾರ ಆ ನೀರಿನಲ್ಲಿದೆಯೆಂದು ಸಂತೋಷಪಡಬಹುದು. ಮರದ ಬುಡದಲ್ಲಿ ಮೊಳಕಾಲೆತ್ತರಕ್ಕೆ ಕೆಸರು ಉಜ್ಜಿದ್ದರೆ ಕಾಡುಹಂದಿಯದು.

ಹೀಗೆ ತಿರುಗುವಾಗ ಮನಸ್ಸಿನಲ್ಲೊಂದು ಪ್ರಶ್ನೆ ನೆಲೆಗೊಳ್ಳಬೇಕು. ಏನಾದರೂ ಬಂದೀತೆಂದು ಕಟ್ಟಿದ ಕ್ಯಾಮೆರಾ ಏನನ್ನಾದರೂ ಕೊಡುತ್ತದೆ, ನಿಜ. ಆದರೆ ಈ ಬೈನೆಹಣ್ಣನ್ನು ತಿನ್ನುವುದು ಯಾವುದು, ಅಡಿಕೆಸಸಿಯ ಬುಡವನ್ನು ಕಡಿಯುವುದು ಹಂದಿಯೋ ಮುಳ್ಳುಹಂದಿಯೋ, ಬೇಸಿಗೆಯಲ್ಲಿ ಈ ಗುಂಡಿಯ ನೀರಿಗೆ ಬರುವವರಾರು ಎಂಬಂಥ ಒಂದು ಖಚಿತವಾದ ಕುತೂಹಲದಿಂದ ಕಟ್ಟಿದಾಗ ಎಲ್ಲಿ, ಎಷ್ಟೆತ್ತರದಲ್ಲಿ, ಎಷ್ಟು ದಿನ ಎಂಬುದೆಲ್ಲ ತಾನಾಗಿ ನಿಶ್ಚಯವಾಗುತ್ತದೆ.

ಕಟ್ಟುವ ಕ್ರಮ

ಅಳತೆಗಳಿಗೆ ಟೇಪು ಬೇಕಿಲ್ಲ. ನಮ್ಮ ಹಿರಿಯರ ಮೊಳ, ಮಾರು, ಗೇಣುಗಳೇ ಸಾಕು. ಚಿರತೆ, ಕಾಡುಕುರಿ, ಹಂದಿಗಳಿಗೆ ನೆಲದಿಂದ ಒಂದು ಮೊಳದ ಎತ್ತರ, ಅಂದರೆ ಸುಮಾರು 45 ಸೆಂಟಿಮೀಟರ್. ಬರ್ಕ, ಮುಂಗುಸಿ, ಕಾಡುಕೋಳಿಗಳಿಗೆ ಒಂದು ಗೇಣಿನ ಎತ್ತರ. ಕಡವೆ, ಕಾಟಿಗಳಿಗೆ ಸೊಂಟದವರೆಗೆ ಏರಿಸಬಹುದು. ದಾರಿಯ ನಡುವಿನಿಂದ ಕ್ಯಾಮೆರಾಕ್ಕೆ ಎರಡು ಮಾರು, ಎಂದರೆ ಮೂರೂವರೆ ಮೀಟರಿನಷ್ಟು ದೂರವಿರಲಿ. ಇದಕ್ಕಿಂತ ಹತ್ತಿರವಾದರೆ ರಾತ್ರಿಯ ಬೆಳಕಿಗೆ ಪ್ರಾಣಿಯ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿ ಗುರುತು ಸಿಕ್ಕದು. ಬಹಳ ದೂರವಾದರೆ ಚಿಕ್ಕ ಪ್ರಾಣಿಗಳು ಸೆನ್ಸರಿನ ಅರಿವಿಗೇ ಬಾರವು.

ಕಟ್ಟುವ ಮರ ಗಾಳಿಗೆ ಅಲುಗದಷ್ಟು ದಪ್ಪನಾಗಿರಬೇಕು. ತೋಟದಲ್ಲಿ ಕಣ್ಣೆದುರಿಗೇ ಇದೆಯೆಂದು ಅಡಿಕೆಮರಕ್ಕೆ ಕಟ್ಟಿದರೆ, ಅದು ತೂಗಿದಾಗಲೆಲ್ಲ ಕ್ಯಾಮೆರಾಕ್ಕೆ ಜಗತ್ತೇ ಚಲಿಸಿದಂತಾಗಿ ಒಂದೇ ದಿನದಲ್ಲಿ ಕಾರ್ಡು ತುಂಬುವುದುಂಟು. ಹಲಸು, ಮಾವು, ಮತ್ತಿಗಳಂಥ ಗಟ್ಟಿಮರಕ್ಕೆ ಪಟ್ಟಿಯಿಂದಲೇ ಬಿಗಿಯಬೇಕು, ಮೊಳೆ ಹೊಡೆಯಬಾರದು. ನೆಲ ಇಳಿಜಾರಾಗಿದ್ದರೆ ಯಂತ್ರದ ಹಿಂದೆ ಒಂದು ಕಡ್ಡಿಯನ್ನು ಸಿಕ್ಕಿಸಿ, ಅದರ ದೃಷ್ಟಿ ನೆಲಕ್ಕೆ ಸಮಾನಾಂತರವಾಗಿ ಹರಿಯುವಂತೆ ಬಾಗಿಸಬೇಕು. ಮೂಡಲಿಗೂ ಪಡುವಲಿಗೂ ಮುಖಮಾಡಿದರೆ ಎಳೆಬಿಸಿಲು, ಇಳಿಬಿಸಿಲುಗಳು ನೇರವಾಗಿ ಕಣ್ಣಿಗೆ ಬಡಿಯುವುವು. ಉತ್ತರಕ್ಕೆ ಮುಖ ಮಾಡಿದ್ದು ಎಲ್ಲಕ್ಕೂ ಲೇಸು. ಎದುರಿನ ಹುಲ್ಲು, ಜೋತಾಡುವ ಬಳ್ಳಿ, ಎಲೆಗಳನ್ನು ಅಗತ್ಯವಿದ್ದಷ್ಟು ಮಾತ್ರ ಸರಿಸಬೇಕು; ಜಾಡನ್ನು ಗುಡಿಸಿ ಅಂಗಳ ಮಾಡಿದರೆ ಪ್ರಾಣಿ ತನ್ನ ದಾರಿಯನ್ನೇ ಬದಲಿಸಬಹುದು.

ದಾರಿಗೆ ನೆಟ್ಟಗೆ ಅಡ್ಡಲಾಗಿ ನೋಡುವಂತೆ ಕಟ್ಟಿದರೆ ಪ್ರಾಣಿಯ ಮಗ್ಗುಲು ಪೂರ್ತಿಯಾಗಿ ಕಾಣುವುದರಿಂದ ಚಿರತೆಯ ಚುಕ್ಕೆಗಳನ್ನು ಹೋಲಿಸಿ ಇದು ಅದೇ ಪ್ರಾಣಿಯೋ ಬೇರೆಯೋ ಎಂದು ಹೇಳಲು ಬರುತ್ತದೆ. ಎಡಮೈಯ ಚುಕ್ಕೆಗಳು ಬಲಮೈಯವುಗಳಂತೆ ಇರುವುದಿಲ್ಲವಾಗಿ, ಸಂಶೋಧಕರು ದಾರಿಯ ಎರಡೂ ಬದಿಗೆ ಒಂದೊಂದನ್ನು ಕಟ್ಟುತ್ತಾರೆ, ಒಂದರ ಬೆಳಕು ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ. ಯಂತ್ರ ನಿಧಾನದ್ದಾಗಿದ್ದರೆ ದಾರಿಯ ಉದ್ದಕ್ಕೆ ಓರೆಯಾಗಿ ನೋಡುವಂತಿಡುವುದು ಜಾಣತನ. ಪ್ರಾಣಿ ಹೆಚ್ಚು ಹೊತ್ತು ಚೌಕಟ್ಟಿನೊಳಗಿರುತ್ತದೆ.

ಸಮಯ, ದಿನಾಂಕಗಳನ್ನು ಸರಿಪಡಿಸಿ, ಕಾರ್ಡನ್ನು ಆ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಪ್ರತಿ ಸಲಕ್ಕೆ ಮೂರು ಚಿತ್ರಗಳಂತೆ ಇಟ್ಟುಕೊಳ್ಳುವುದು ಹೊಸಬರಿಗೆ ಉತ್ತಮ. ವೀಡಿಯೋದಿಂದ ನಡೆನುಡಿಗಳು ಚೆನ್ನಾಗಿ ತಿಳಿಯುತ್ತವೆ, ಆದರೆ ಬ್ಯಾಟರಿ ಬೇಗ ತೀರುತ್ತದೆ. ಬೇಕಾದರೆ ಹತ್ತು ಹದಿನೈದು ಸೆಕೆಂಡಿಗೆ ಮಿತಿಗೊಳಿಸಬಹುದು. ಸೆನ್ಸರಿನ ಸೂಕ್ಷ್ಮತೆಯನ್ನು ಬೇಸಿಗೆಯಲ್ಲಿ ಹೆಚ್ಚಿಗೂ ಮಾಗಿಯ ಚಳಿಯಲ್ಲಿ ಕಡಿಮೆಗೂ ಇಡಬೇಕು. ಕಟ್ಟಿಯಾದ ಮೇಲೆ ಪರೀಕ್ಷೆಯ ಗುಂಡಿಯನ್ನೊತ್ತಿ, ನಾವು ನೋಡಬಯಸುವ ಪ್ರಾಣಿಯ ಎತ್ತರಕ್ಕೆ ಬಾಗಿ, ಬರ್ಕವಾದರೆ ಅಂಬೆಗಾಲಿಕ್ಕಿ, ಅದರೆದುರಿಗೆ ಹಾದುನೋಡಬೇಕು. ಯಂತ್ರದ ಪುಟ್ಟ ದೀಪ ಮಿನುಗಿದರೆ ಅದು ನಮ್ಮನ್ನು ಕಂಡಿತೆಂದರ್ಥ. ಕೊನೆಗೆ ಸ್ಥಳದ ಹೆಸರನ್ನೂ ತಾರೀಖನ್ನೂ ಒಂದು ಸ್ಲೇಟಿನಲ್ಲಿ ಬರೆದು ಕ್ಯಾಮೆರಾಕ್ಕೆ ತೋರಿಸಿ ಬಂದರೆ, ತಿಂಗಳುಗಳ ಮೇಲೆ ಆ ಚಿತ್ರಗಳು ಎಲ್ಲಿಯವೆಂಬ ಗೊಂದಲ ಹುಟ್ಟದು.

ಮಳೆಗಾಲದ ಜತನ

ಮಲೆನಾಡಿನ ಮಳೆ ಯಾವ ಯಂತ್ರಕ್ಕೂ ಕಠಿಣವಾದ ಪರೀಕ್ಷೆ. ಪೆಟ್ಟಿಗೆಯ ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಮಣ್ಣಿನ ಕಣವೊಂದು ಸಿಕ್ಕಿದರೂ ನೀರಿಗೆ ದಾರಿಯಾಗುವುದರಿಂದ, ತೆರೆದಾಗಲೆಲ್ಲ ಒಣಬಟ್ಟೆಯಿಂದ ಒರಸಿ ಮುಚ್ಚಬೇಕು. ಒಳಗೆ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣವನ್ನಿಟ್ಟು, ಹೋದಾಗ ಬದಲಿಸುತ್ತಿದ್ದರೆ ಮಸೂರದ ಒಳಮೈ ಮಬ್ಬಾಗುವುದಿಲ್ಲ. ಮೇಲಿನಿಂದ ಸುರಿಯುವ ನೀರಿಗೆ ಅಡಿಕೆಯ ಹಾಳೆಯೊಂದನ್ನು ಸೂರಿನಂತೆ ಬಾಗಿಸಿ ಕಟ್ಟುವುದು ನಾನು ಕಂಡುಕೊಂಡ ಉಪಾಯ. ಅದಕ್ಕೆ ಬೆಲೆಯಿಲ್ಲ, ಪರಿಸರದಲ್ಲಿ ಎದ್ದುಕಾಣುವುದೂ ಇಲ್ಲ. ಜೇಡರಬಲೆಯ ಒಂದೇ ಎಳೆ ಮಸೂರದೆದುರು ಬಿಗಿದಿದ್ದರೂ ರಾತ್ರಿಯ ಬೆಳಕಿಗೆ ಹೊಳೆದು ಇಡೀ ಚಿತ್ರವನ್ನು ಕೆಡಿಸುತ್ತದೆ. ಇರುವೆಗಳಿಗೆ ಪಟ್ಟಿಯ ಸಂದಿ, ಸ್ಕ್ರೂವಿನ ತೂತುಗಳೆಂದರೆ ಗೂಡಿಗೆ ಹೇಳಿಮಾಡಿಸಿದ ಜಾಗ. ಆಷಾಢದ ಒಂದು ವಾರದಲ್ಲಿ ಬೆಳೆದ ಕಳೆ ಕ್ಯಾಮೆರಾವನ್ನು ಮುಚ್ಚಬಲ್ಲುದಾದುದರಿಂದ ಆಗ ಹತ್ತು ದಿನಕ್ಕೊಮ್ಮೆಯಾದರೂ, ಇಂಬಳಗಳನ್ನು ಲೆಕ್ಕಿಸದೆ, ಹೋಗಿಬರಬೇಕು. ಉಳಿದ ಕಾಲದಲ್ಲಿ ಹದಿನೈದು ದಿನಕ್ಕೊಂದು ಭೇಟಿ ಸಾಕು. ನಿತ್ಯವೂ ಹೋಗಿ ನೋಡುವ ಆತುರವನ್ನು ತಡೆದುಕೊಳ್ಳದಿದ್ದರೆ ನಮ್ಮ ಮೈವಾಸನೆಯೇ ಅಲ್ಲಿ ಬೇಲಿಯಾಗಿ ನಿಲ್ಲುತ್ತದೆ. ಆನೆಗಳು ತಿರುಗುವ ಸೀಮೆಯಲ್ಲಿ ಅವು ಈ ಹೊಸ ವಸ್ತುವನ್ನು ಸೊಂಡಿಲಿನಿಂದ ಕಿತ್ತು ನೋಡುವುದು ಸಾಮಾನ್ಯ. ಅಂಥಲ್ಲಿ ಅವುಗಳ ದಾರಿಯನ್ನು ಬಿಟ್ಟು ಕಟ್ಟುವುದೊಂದೇ ಪರಿಹಾರ.

ಚಿತ್ರಗಳ ಲೆಕ್ಕ

ಕಾರ್ಡನ್ನು ತಂದು ಚಿತ್ರಗಳನ್ನು ನೋಡುವ ಸಂಜೆ ಮನೆಮಂದಿಗೆಲ್ಲ ಹಬ್ಬ. ಆ ಸಂತೋಷ ತೀರಿದ ಮೇಲೆ ಒಂದು ನೋಟುಪುಸ್ತಕ ತೆಗೆದು ಸ್ಥಳ, ಕಟ್ಟಿದ ದಿನ, ಬಿಚ್ಚಿದ ದಿನ, ಪ್ರಾಣಿ, ಗಂಟೆ, ಹವೆ ಇಷ್ಟನ್ನು ಬರೆದಿಡುವವನಿಗೆ ಮಾತ್ರ ಈ ಕೆಲಸದ ನಿಜವಾದ ಫಲ ದೊರೆಯುತ್ತದೆ. ಕ್ಯಾಮೆರಾಗಳ ಸಂಖ್ಯೆಯನ್ನು ರಾತ್ರಿಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದು ನಮ್ಮ ಶ್ರಮದ ಅಳತೆ. ಎರಡು ಕ್ಯಾಮೆರಾಗಳು ಮೂವತ್ತು ರಾತ್ರಿ ದುಡಿದರೆ ಅರವತ್ತು. ಇದನ್ನು ಬರೆಯದೆ ಈ ವರುಷ ಕಾಡುಕುರಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹೇಳಲು ಬಾರದು.

ಲೆಕ್ಕದಲ್ಲಿ ಎರಡು ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಒಂದೇ ಕಬ್ಬೆಕ್ಕು ಒಂದು ತಾಸು ಹಣ್ಣು ತಿನ್ನುತ್ತ ನಲವತ್ತು ಚಿತ್ರಗಳಲ್ಲಿ ಬಂದರೆ ಅದು ನಲವತ್ತು ಭೇಟಿಯಲ್ಲ. ಅರ್ಧ ಗಂಟೆಯೊಳಗೆ ಬಂದ ಒಂದೇ ಜಾತಿಯ ಚಿತ್ರಗಳನ್ನು ಒಂದೆಂದೇ ಎಣಿಸುವುದು ಸಂಶೋಧಕರಲ್ಲಿ ಬಳಕೆಯಲ್ಲಿರುವ ಕ್ರಮ. ಎರಡನೆಯದಾಗಿ, ಚಿತ್ರಕ್ಕೆ ಬಾರದ ಪ್ರಾಣಿ ಇಲ್ಲವೇ ಇಲ್ಲವೆಂದು ತೀರ್ಮಾನಿಸಬಾರದು. ಕಾವೇರಿ ವನ್ಯಧಾಮದಲ್ಲಿ ಸಂಜಯ ಗುಬ್ಬಿಯವರ ತಂಡ ಚಿರತೆಗಳ ಅಧ್ಯಯನಕ್ಕೆಂದು ಇರಿಸಿದ್ದ ಕ್ಯಾಮೆರಾಗಳಿಗೆ ತರಕರಡಿ ಸಿಕ್ಕಿದ್ದು ಇದಕ್ಕೆ ನಿದರ್ಶನ. ಅದು ಅಲ್ಲಿಯೇ ಬಾಳುತ್ತಿತ್ತು, ನೋಡುವ ಕಣ್ಣು ಮಾತ್ರ ಇರಲಿಲ್ಲ.

ಗಂಟೆಯ ದಾಖಲೆಯೊಂದರಿಂದಲೇ ಎಷ್ಟೋ ಸಂಗತಿಗಳು ಹೊರಬೀಳುತ್ತವೆ. ನಮ್ಮ ಅಗಳಿನ ಏರಿಯ ಮೇಲೆ ಕಾಡುಕುರಿ ಸಂಜೆ ಮುಂಜಾವುಗಳಲ್ಲಿಯೂ, ಮುಳ್ಳುಹಂದಿ ಕಗ್ಗತ್ತಲೆಯಲ್ಲಿ ಮಾತ್ರವೂ, ಕಾಡುಕೋಳಿ ಬೆಳಕು ಹರಿದ ಕೂಡಲೂ ಹಾದುಹೋಗುವುದು ನನ್ನ ಪುಸ್ತಕದಲ್ಲಿ ತಿಂಗಳ ಮೇಲೆ ತಿಂಗಳು ಹಾಗೆಯೇ ಬಂದಿದೆ. ಎಳೆಯ ಅಡಿಕೆಸಸಿಗಳನ್ನು ಕಡಿದದ್ದು ಹಂದಿಯಲ್ಲ, ಮುಳ್ಳುಹಂದಿಯೆಂದು ತಿಳಿದ ಮೇಲೆ, ತೋಟಕ್ಕೆಲ್ಲ ಬೇಲಿ ಹಾಕುವ ಖರ್ಚನ್ನು ಬಿಟ್ಟು ಸಸಿಗಳ ಬುಡಕ್ಕೆ ಮಾತ್ರ ಜಾಲರಿ ಸುತ್ತಿ ಉಳಿಸಿಕೊಂಡೆವು. ಅರಿವು ಹಗೆತನವನ್ನು ತಗ್ಗಿಸುತ್ತದೆಯೆಂಬುದಕ್ಕೆ ನನ್ನ ಮಟ್ಟಿಗೆ ಇಷ್ಟು ಪ್ರಮಾಣ ಸಾಕು.

ನಮಗಿರಬೇಕಾದ ಸಂಯಮ

ಚಿತ್ರ ಬೇಗ ಸಿಕ್ಕಲೆಂದು ಬಾಳೆಹಣ್ಣು, ಮಾಂಸಗಳನ್ನು ಇಡುವವರಿದ್ದಾರೆ. ಇದು ಸರ್ವಥಾ ಕೂಡದು. ಮನುಷ್ಯನ ವಾಸನೆಯನ್ನೂ ಊಟವನ್ನೂ ಒಂದೆಂದು ಕಲಿತ ಪ್ರಾಣಿಗೆ ಮುಂದೆ ಊರಿನ ದಾರಿಯೇ ಹತ್ತಿರವಾಗುತ್ತದೆ. ಗೂಡು, ಗವಿ, ಮರಿಗಳಿರುವ ಪೊಟರೆಗಳೆದುರಿಗೆ ಕ್ಯಾಮೆರಾ ಕಟ್ಟಬಾರದು. ನಾವು ಹೋಗಿಬಂದ ಜಾಡೇ ತಾಯಿಯನ್ನು ಓಡಿಸಬಹುದು. ಚಿಪ್ಪುಹಂದಿಯ ಚಿತ್ರ ಸಿಕ್ಕಿದರೆ ಊರಿನ ಹೆಸರನ್ನು ಯಾರಿಗೂ ಹೇಳದಿರುವುದೇ ಅದಕ್ಕೆ ನಾವು ಮಾಡುವ ಉಪಕಾರ; ಕಾನೂನಿನ ಅತ್ಯುಚ್ಚ ರಕ್ಷಣೆಯಿದ್ದರೂ ಅದರ ಚಿಪ್ಪಿಗಾಗಿ ಹುಡುಕುವ ಕಳ್ಳಬೇಟೆಗಾರರು ಇದ್ದೇ ಇದ್ದಾರೆ. ಮೊಬೈಲಿನಲ್ಲಿ ತೆಗೆದ ಸ್ಥಳದ ಚಿತ್ರದೊಳಗೆ ಆ ಜಾಗದ ಗುರುತು ಅಡಗಿರುವುದುಂಟೆಂಬುದನ್ನೂ ಮರೆಯಬಾರದು. ಚಿರತೆಯ ಚಿತ್ರವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ನಾಳೆಯೇ ಬೋನಿನ ಕೂಗು ಏಳುತ್ತದೆ. ವರುಷಗಳಿಂದ ಯಾರಿಗೂ ಕೇಡು ಮಾಡದೆ ಅದೇ ದಾರಿಯಲ್ಲಿ ನಡೆದಿದ್ದ ಪ್ರಾಣಿ ನಮ್ಮ ಒಂದು ಉತ್ಸಾಹದಿಂದ ನೆಲೆಗೆಡಬಹುದು.

ಪ್ರಾಣಿಗಳಷ್ಟೇ ಮನುಷ್ಯರ ವಿಷಯದಲ್ಲಿಯೂ ಮರ್ಯಾದೆ ಬೇಕು. ದರಗು ಗುಡಿಸಲು, ಸೌದೆ ತರಲು ಬರುವ ಹೆಂಗಸರು ತಿರುಗಾಡುವ ದಾರಿಯಲ್ಲಿ ಅವರಿಗೆ ತಿಳಿಸದೆ ಕ್ಯಾಮೆರಾ ಕಟ್ಟುವುದು ಕಳ್ಳಗಿಂಡಿಯಿಂದ ನೋಡಿದ ಹಾಗೆ. ಎಲ್ಲಿ ಕಟ್ಟಿದೆಯೆಂದು ಅವರಿಗೆ ಮೊದಲೇ ಹೇಳಬೇಕು, ಅವರು ಬೇಡವೆಂದಲ್ಲಿ ಕಟ್ಟಬಾರದು, ತಪ್ಪಿ ಬಂದ ಚಿತ್ರವನ್ನು ಯಾರಿಗೂ ತೋರಿಸದೆ ಅಳಿಸಬೇಕು. ಬಂದೂಕು, ಉರುಳುಗಳನ್ನು ಹೊತ್ತವರ ಚಿತ್ರ ಬಂದರೆ ಮಾತ್ರ ಅದನ್ನು ಅಳಿಸದೆ, ಊರಿನಲ್ಲಿ ಹರಡದೆ, ನೇರವಾಗಿ ಅರಣ್ಯ ಇಲಾಖೆಯವರ ಕೈಗೆ ಒಪ್ಪಿಸಬೇಕು.

ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟು: ದೊಡ್ಡ ಕಾಡಿಗೆ ಹೋಗುವ, ಹುಲಿಯನ್ನೇ ಹಿಡಿಯುವ ಆಸೆಯನ್ನು ಬದಿಗಿಟ್ಟು, ನಿಮ್ಮ ಹಿತ್ತಲಿನ ಅಥವಾ ತೋಟದ ಅಂಚಿನ ಒಂದು ಹಣ್ಣಿನ ಮರವನ್ನು ಆರಿಸಿಕೊಳ್ಳಿರಿ, ಅದರೆದುರಿಗೆ ಒಂದು ಕ್ಯಾಮೆರಾವನ್ನು ಮೂವತ್ತು ರಾತ್ರಿ ಕಟ್ಟಿಡಿರಿ, ಬಂದದ್ದನ್ನು ಬಂದ ಗಂಟೆಯೊಂದಿಗೆ ಬರೆದಿಡಿರಿ, ಮನೆಯ ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಮೇಲು. ಮೂವತ್ತೊಂದನೆಯ ದಿನ ಯಂತ್ರವನ್ನು ಮಾತ್ರವಲ್ಲ, ಪಟ್ಟಿ, ದಾರ, ಸಿಕ್ಕಿಸಿದ ಕಡ್ಡಿ, ಹೊದಿಸಿದ ಹಾಳೆ ಎಲ್ಲವನ್ನೂ ಬಿಚ್ಚಿ ತಂದು, ಆ ಮರದ ಬುಡವನ್ನು ನೀವು ಬರುವ ಮೊದಲು ಹೇಗಿತ್ತೋ ಹಾಗೆಯೇ ಬಿಟ್ಟುಬನ್ನಿರಿ.